ಎಂಟನೆಯ ಕ್ಲಿಪ್ಪು

ರಾತ್ರಿ ಹನ್ನೊಂದು ದಾಟಿತ್ತು. ನಮ್ಮ ದೊಡ್ಡಪ್ಪನ ಮಗ ಶೆಡ್ಡಿಗೆ ಬೀಗ ಹಾಕಿ, ಬಾವಿಯ ಪಕ್ಕದ ಕಾಲುದಾರಿಯಲ್ಲಿ ಮನೆಗೆ ನಡೆದು ಬರುತ್ತಿದ್ದ. ಒಬ್ಬನೇ. ಕೈಯಲ್ಲಿ ಟಾರ್ಚಿಲ್ಲ. ಜೇಬಿನಲ್ಲಿ ಒಂದು ಎಣ್ಣೆಬಟ್ಟೆ, ಅದರಲ್ಲಿ ಸುತ್ತಿಟ್ಟ ಏಳು ತಗಡಿನ ಚೂರು. ಹೆಜ್ಜೆ ಹಾಕಿದಾಗಲೆಲ್ಲ ಅವು ಒಂದಕ್ಕೊಂದು ತಾಗಿ... ಚಿಣಿ... ಚಿಣಿ...

ಏಳು ಅಂದೆನಲ್ಲ, ಅದನ್ನು ನೆನಪಿಡಿ. ಎಂಟಿರಬೇಕಿತ್ತು.

ಆ ದೀಪ ಸ್ವಲ್ಪ ಸಣ್ಣದು ಮಾಡಿ. ಮಕ್ಕಳು ಮಲಗಿದವಾ? ಸರಿ. ನಾನು ದಿನಕ್ಕೆರಡು ಹೊತ್ತು ದೇವರಿಗೆ ಕೈ ಮುಗಿಯುವವನು. ಇಲ್ಲದ್ದನ್ನು ಹೇಳಿ ಯಾರ ನಿದ್ದೆಯನ್ನೂ ಕೆಡಿಸುವವನಲ್ಲ. ಅಣ್ಣನ ಮಾತನ್ನು ಅಣ್ಣನ ಬಾಯಿಂದಲೇ ಕೇಳಿದ್ದೇನೆ, ಅತ್ತಿಗೆಯ ಮಾತನ್ನು ಅತ್ತಿಗೆಯ ಬಾಯಿಂದ. ಬೇರೆ ಬೇರೆ ದಿನ ಕೇಳಿದ್ದು. ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರಲಿಲ್ಲ. ಕೊನೆಯದನ್ನಂತೂ ನಾನೇ ಕಣ್ಣಾರೆ ಕಂಡಿದ್ದೇನೆ.

ಅಣ್ಣ ಪಿಕಪ್ ಓಡಿಸುವವನು. ಐದಕ್ಕೆ ಬರುತ್ತೇನೆ ಎಂದರೆ ಐದಕ್ಕೆ ಐದು ನಿಮಿಷ ಇರುವಾಗಲೇ ನಿಮ್ಮ ಬಾಗಿಲಲ್ಲಿ ಹಾರನ್ ಹೊಡೆಯುವ ಆಸಾಮಿ. ಅದಕ್ಕೇ ಎಲ್ಲರೂ ಅವನನ್ನು ಕರೆಯುವುದು ‘ಗಡಿಯಾರ’ ಅಂತ. ಆ ಹೆಸರಿನ ಮೇಲೆ ಅವನಿಗೆ ಒಳಗೊಳಗೇ ಹೆಮ್ಮೆ. ಈ ಕತೆಗೆಲ್ಲ ಮೂಲ ಆ ಹೆಮ್ಮೆಯೇ ಅಂತ ನನ್ನ ಲೆಕ್ಕ.

ಆ ಗಾಡಿಯ ಬ್ರೇಕನ್ನು ಮೊದಲಿನಿಂದ ನೋಡಿಕೊಂಡವನು ಒಬ್ಬ ಮುದಿ ಮೇಸ್ತ್ರಿ. ಬಾವಿಯಿಂದ ನೂರಿನ್ನೂರು ಹೆಜ್ಜೆ ಆಚೆ ಅವನ ಶೆಡ್ಡು. ನಲವತ್ತು ವರ್ಷ ಬರೀ ಬ್ರೇಕಿನ ಕೆಲಸ ಮಾಡಿದವನು. ಇಂಜಿನ್ನು ತಂದರೆ, “ಅದು ಓಡಿಸೋರ ಕೆಲಸ, ನಂದು ನಿಲ್ಲಿಸೋರ ಕೆಲಸ” ಅಂತ ವಾಪಸ್ ಕಳಿಸುತ್ತಿದ್ದ.

ಅವನದೊಂದು ಪದ್ಧತಿ ಇತ್ತು. ಪಿಕಪ್ಪಿನ ಮುಂದಿನ ಎರಡು ಗಾಲಿಗೆ ಡಿಸ್ಕ್ ಬ್ರೇಕು. ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವುದು ಪ್ಯಾಡು. ಆ ಪ್ಯಾಡು ಹಿಂದೆ ಮುಂದೆ ಜಾರುವುದಕ್ಕೆ ಅದರ ಕೊನೆಗಳಲ್ಲಿ ಬೆರಳುದ್ದದ ತಗಡಿನ ಕ್ಲಿಪ್ಪು. ಗಾಲಿಗೆ ನಾಲ್ಕು, ಎರಡು ಗಾಲಿಗೆ ಎಂಟು. ಪ್ಯಾಡು ಬದಲಾಯಿಸುವಾಗ ಅವನ್ನೂ ಬದಲಾಯಿಸಬೇಕು. ಆದರೆ ಬಹಳ ಕಡೆ ಏನು ಮಾಡುತ್ತಾರೆ? ಹಳೆಯದನ್ನೇ ಒರೆಸಿ ಮತ್ತೆ ಹಾಕುತ್ತಾರೆ. ನೋಡಿದರೆ ಚೆನ್ನಾಗಿಯೇ ಇರುತ್ತದೆ.

ಮೇಸ್ತ್ರಿ ಹಾಗಲ್ಲ. ಹಳೇ ಕ್ಲಿಪ್ಪುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿಕೊಂಡು, ಗಾಡಿಯವನನ್ನೂ ಕರೆದುಕೊಂಡು ಬಾವಿಯ ಹತ್ತಿರ ಹೋಗುತ್ತಿದ್ದ. ಆ ಬಾವಿಯ ನೀರು ಉಪ್ಪು, ಯಾರೂ ಮುಟ್ಟುವುದಿಲ್ಲ. ಗಾಡಿಯವನು ಗಟ್ಟಿಯಾಗಿ ‘ಒಂದು’ ಎನ್ನಬೇಕು. ಮೇಸ್ತ್ರಿ ಒಂದು ಕ್ಲಿಪ್ಪು ಬಿಡುತ್ತಿದ್ದ. ತಗಡಿನ ಚೂರು ನೀರಿಗೆ ಬಿದ್ದರೆ ಡುಬುಕ್ ಅನ್ನುವುದಿಲ್ಲ, ಚಿಳುಕ್ ಅನ್ನುತ್ತದೆ. ಕಟ್ಟೆಗೆ ಕಿವಿ ಆನಿಸಿ ಕೇಳಿ, “ಕೇಳಿಸ್ತು” ಅನ್ನುತ್ತಿದ್ದ. ಆಮೇಲೆ ‘ಎರಡು’. ಚಿಳುಕ್. “ಕೇಳಿಸ್ತು.” ಹೀಗೆ ಎಂಟು. ಎಂಟನೆಯದಾದ ಮೇಲೆ, “ಹೂಂ... ಗಾಲಿ ಹಾಕು.”

ಅಲ್ಲಿಯವರೆಗೆ ಯಾರ ಅಪ್ಪ ಬಂದರೂ ಗಾಲಿ ಹಾಕುತ್ತಿರಲಿಲ್ಲ.

“ಇದೇನು ಹುಚ್ಚು ಮೇಸ್ತ್ರಿ, ಗುಜರಿಗೆ ಹಾಕಬಾರದಾ?” ಅಂತ ಅಣ್ಣ ಒಮ್ಮೆ ಕೇಳಿದ್ದ.

“ಪ್ಯಾಡು ಸವೆದ್ರೆ ಕಣ್ಣಿಗೆ ಕಾಣುತ್ತೆ ಗಡಿಯಾರಾ. ಕ್ಲಿಪ್ಪು ಸವೆದದ್ದು ಕಾಣಲ್ಲ. ಕಾಣದೇ ಇದ್ದದ್ದನ್ನೇ ನೋಡು ಮತ್ತೆ ಹಾಕೋ ಆಸೆ ಬರೋದು. ನನಗೂ ಬರುತ್ತೆ. ಕೈಗೆ ಸಿಗದ ಹಾಗೆ ಮಾಡಿಬಿಟ್ರೆ ನಾನೂ ಬಚಾವು, ನೀನೂ ಬಚಾವು.”

ಆ ಮೇಸ್ತ್ರಿ ಒಂದು ಬೆಳಗ್ಗೆ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದ. ಪುಣ್ಯಾತ್ಮನ ಸಾವು. ಅವನ ಹೆಂಡತಿ ಶೆಡ್ಡಿನ ಬೀಗದ ಕೈ ತಂದು ಅಣ್ಣನ ಕೈಗಿಟ್ಟು, “ಗಾಡಿ ಇಲ್ಲೇ ನಿಲ್ಲಿಸ್ಕೋಪ್ಪಾ. ಬಾಗಿಲು ತೆಗೀತಾ ಇರ್ಲಿ” ಅಂದಳು.

ಅದಾಗಿ ಒಂದೂವರೆ ತಿಂಗಳು.

ಅಣ್ಣನಿಗೆ ಒಬ್ಬಳು ತಂಗಿ. ಹೆರಿಗೆಗೆ ಬಂದವಳು ಮೂರು ತಿಂಗಳ ಕೂಸಿನ ಜೊತೆ ಅವನ ಮನೆಯಲ್ಲೇ ಇದ್ದಳು. ಗಂಡನಿಗೆ ಕೆಳಗಿನ ಊರಿನಲ್ಲಿ ಕೆಲಸ, ಅಲ್ಲೊಂದು ಮನೆ ಸಿಕ್ಕಿತ್ತು. ಮಂಚ, ತೊಟ್ಟಿಲು, ಬೀರು ಎಲ್ಲ ಪಿಕಪ್ಪಿನ ಹಿಂದೆ. ಅವಳೂ ಕೂಸೂ ಮುಂದಿನ ಸೀಟಿನಲ್ಲಿ. ಭಾವ ಎಂಟಕ್ಕೆ ಡ್ಯೂಟಿಗೆ ಹೋಗುವುದರೊಳಗೆ ಸಾಮಾನು ಇಳಿಸಬೇಕು. ಅಂದರೆ ಬೆಳಗ್ಗೆ ಐದಕ್ಕೆ ಹೊರಡಬೇಕು. ದಾರಿ ಪೂರ್ತಿ ಇಳಿಜಾರು. ಹನ್ನೊಂದು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

ಹಿಂದಿನ ದಿನ ಸಂಜೆ ಬ್ರೇಕು ಕಿರ್ರ್ ಅಂದಿತು. ಕೂಸನ್ನು ಕೂರಿಸಿಕೊಂಡು ಇಳಿಯಬೇಕಾದ ಗಾಡಿ. ಅಣ್ಣ ಅಂಗಡಿಗೆ ಓಡಿ ಹೊಸ ಪ್ಯಾಡು, ಎಂಟು ಕ್ಲಿಪ್ಪಿನ ಒಂದು ಪೊಟ್ಟಣ, ಗ್ರೀಸು ತಂದ. ಅವನು ಬರುವಾಗಲೇ ಅಂಗಡಿಯವನು ಶಟರ್ ಎಳೆಯುತ್ತಿದ್ದ. ಮೇಸ್ತ್ರಿ ಇಲ್ಲ, ಇನ್ನೊಬ್ಬ ಮೆಕ್ಯಾನಿಕ್ ಇರುವುದು ದೂರ. ಇರಲಿ, ನೂರು ಸಲ ನೋಡಿದ್ದೇನಲ್ಲ, ನಾನೇ ಹಾಕುತ್ತೇನೆ ಅಂತ ಹೊರಟ.

ಬಲಗಾಲಿ ಸರಾಗವಾಗಿ ಮುಗಿಯಿತು. ಕ್ಲಿಪ್ಪು ಕೂತಾಗಲೆಲ್ಲ ಟಕ್... ಟಕ್... ಎಡಗಾಲಿಯಲ್ಲೂ ಮೂರು ಕೂತವು. ನಾಲ್ಕನೆಯದನ್ನು ಗ್ರೀಸಿನ ಕೈಯಲ್ಲಿ ಒತ್ತುವಾಗ ಅದು ಜಾರಿತು. ಸ್ಪ್ರಿಂಗಿನ ಹಾಗೆ ಚಿಮ್ಮಿ, ಹಿಂದಿನ ಗೋಡೆಗೆ... ಟಿಂಯ್!

ಅಷ್ಟೇ.

ಅಣ್ಣ ಆಮೇಲೆ ಎಷ್ಟು ಸಲ ಹೇಳಿದ್ದಾನೆ ನನಗೆ: “ಗೋಡೆಗೆ ಬಡಿದ ಸದ್ದು ಬಂತು ಕಣೋ. ನೆಲಕ್ಕೆ ಬಿದ್ದ ಸದ್ದು ಬರಲಿಲ್ಲ.”

ಹುಡುಕಿದ. ಬಲ್ಬು ಕೆಳಗಿಳಿಸಿ ಹುಡುಕಿದ. ಪೊರಕೆ ಹಾಕಿ ಗುಡಿಸಿದ. ಡಬ್ಬಗಳನ್ನು ಸರಿಸಿದ. ಸಿಮೆಂಟಿನ ನೆಲ, ಒಂದು ಬಿರುಕೂ ಇಲ್ಲ. ಕ್ಲಿಪ್ಪು ಮಾತ್ರ ಇಲ್ಲ. ಹತ್ತೂಮುಕ್ಕಾಲು ಆಯಿತು. ಐದಕ್ಕೆ ಹೊರಡಬೇಕು. ಬಟ್ಟೆಯಲ್ಲಿದ್ದ ಎಂಟು ಹಳೆಯವನ್ನು ಬಿಚ್ಚಿ ನೋಡಿದ. ಒಂದು ಪರವಾಗಿಲ್ಲ ಅನ್ನಿಸಿತು. ಒರೆಸಿದ. ಗ್ರೀಸು ಹಚ್ಚಿದ. ಹಾಕಿಬಿಟ್ಟ.

ಪ್ಯಾಡು ಬೆರಳಿನ ಒತ್ತಡಕ್ಕೇ ಜಾರಿ ಕೂರಬೇಕು ಅಂತ ಮೇಸ್ತ್ರಿ ಹೇಳುತ್ತಿದ್ದ. ಇದು ಕೂರಲಿಲ್ಲ. ಅಣ್ಣ ಸುತ್ತಿಗೆ ತೆಗೆದುಕೊಂಡು ಮೆತ್ತಗೆ ಎರಡು ಏಟು ಹಾಕಿದ. ಕೂತಿತು. ಗಾಲಿಯನ್ನೂ ಹಾಕಿದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಬೀಗ ಹಾಕಿ ಹೊರಟ. ಮತ್ತೆ ಬಾವಿಗೇ ಬಂದೆ ನೋಡಿ.

ಬೆಳದಿಂಗಳು ಇರಲಿಲ್ಲ. ಗಾಳಿಯೂ ಇಲ್ಲ. ಕಟ್ಟೆ ಮಸುಕಾಗಿ ಕಾಣುತ್ತಿತ್ತು. ಅಣ್ಣ ನಿಂತ. ಸತ್ತವನ ಪದ್ಧತಿ, ಮುರಿಯುವುದು ಬೇಡ ಅನ್ನಿಸಿತು. ಗಾಲಿ ಹಾಕಿ ಆಮೇಲೆ ಎಸೆಯುವುದೂ ತಪ್ಪೇ. ಆದರೂ ಜೇಬಿನಿಂದ ಬಟ್ಟೆ ತೆಗೆದ.

“ಒಂದು,” ಅಂದ. ಬಿಟ್ಟ.

...ಚಿಳುಕ್.

“ಎರಡು.” ಚಿಳುಕ್. “ಮೂರು.” ಚಿಳುಕ್. “ನಾಲ್ಕು.” ಚಿಳುಕ್.

“ಐದು.”

ಚಿಳುಕ್...

“...ಕೇಳಿಸ್ತು.”

ಅಣ್ಣನ ಕೈ ಅಲ್ಲೇ ನಿಂತಿತು. ಬಹಳ ಸಣ್ಣ ದನಿ. ಬಾವಿಯೊಳಗಿನದೋ, ತನ್ನ ತಲೆಯೊಳಗಿನದೋ ಗೊತ್ತಾಗಲಿಲ್ಲ. ನೂರು ಸಲ ಕೇಳಿದ ಮಾತು, ಕಿವಿಗೆ ಅಭ್ಯಾಸ... ಅಂದುಕೊಂಡ.

“ಆರು.” ಈಗ ಅವನದೂ ಪಿಸುಮಾತು.

ಚಿಳುಕ್.

“ಕೇಳಿಸ್ತು.”

ಕಟ್ಟೆಗೆ ಬಾಯಿ ಹಚ್ಚಿ ಮಾತಾಡಿದಂತೆ ಇತ್ತು. ಕಟ್ಟೆಯ ಆ ಕಡೆಯಿಂದ. ಆ ಕಡೆ ಯಾರೂ ಇರಲಿಲ್ಲ.

ಓಡಬೇಕಿತ್ತು. ಆದರೆ ಅಣ್ಣನಿಗೆ ಅರ್ಧ ಎಣಿಸಿ ಬಿಟ್ಟು ಹೋದರೆ ಇನ್ನೇನಾಗುತ್ತದೋ ಅನ್ನಿಸಿತಂತೆ.

“ಏಳು.”

ಚಿಳುಕ್.

“ಕೇಳಿಸ್ತು.”

ಆಮೇಲೆ ಮೌನ. ಆದರೆ ಅದು ಸುಮ್ಮನಿರುವ ಮೌನ ಅಲ್ಲ. ಕಾಯುವ ಮೌನ. ಮೇಷ್ಟ್ರು ಪ್ರಶ್ನೆ ಕೇಳಿ ನಮ್ಮ ಮುಖವನ್ನೇ ನೋಡುತ್ತಾರಲ್ಲ, ಹಾಗೆ. ಅಣ್ಣನ ಕೈಯಲ್ಲಿ ಬರೀ ಬಟ್ಟೆ.

“ಎಂಟು,” ಅಂದುಬಿಟ್ಟ. ಏನನ್ನೂ ಬಿಡದೆ.

ಸ್ವಲ್ಪ ಹೊತ್ತು ಏನೂ ಇಲ್ಲ.

“ಕೇಳಿಸಲಿಲ್ಲ.”

ಮನುಷ್ಯನ ಬುದ್ಧಿ ನೋಡಿ, ಹೆದರಿದಾಗಲೂ ಅದು ಕಳ್ಳದಾರಿಯನ್ನೇ ಹುಡುಕುತ್ತದೆ. ಅಣ್ಣ ಮೆಲ್ಲಗೆ ಬಗ್ಗಿದ. ಕಾಲ ಬಳಿ ಕೈಗೆ ಸಿಕ್ಕ ಒಂದು ಕಲ್ಲು ತೆಗೆದುಕೊಂಡ. ನೆಲ್ಲಿಕಾಯಿ ಗಾತ್ರದ್ದು.

“ಎಂಟು,” ಅಂದ. ಬಿಟ್ಟ.

ಡುಬುಕ್.

ಆಗ, ಬಾವಿಯ ಒಳಗಿಂದಲ್ಲ, ಆಚೆಯಿಂದಲೂ ಅಲ್ಲ, ಅವನ ಕಿವಿಯ ಪಕ್ಕದಲ್ಲೇ... ಸಿಟ್ಟಿಲ್ಲದ, ಬೇಸರದ ದನಿ:

“ಅದು ಕಲ್ಲು ಗಡಿಯಾರಾ.”

ಅವನು ಹೇಗೆ ಮನೆ ಸೇರಿದ ಅನ್ನುವುದು ಅವನಿಗೂ ಗೊತ್ತಿಲ್ಲ. ಒಂದು ಚಪ್ಪಲಿ ಎಲ್ಲೋ ಬಿದ್ದಿತ್ತು. ಅತ್ತಿಗೆ ಬಾಗಿಲು ತೆಗೆದು ನೋಡಿದಳು.

“ಏನ್ರೀ, ನಾಯಿ ಅಟ್ಟಿಸಿಕೊಂಡು ಬಂತಾ?”

“ಹೂಂ, ನಾಯಿ.”

“ಬ್ರೇಕು ಆಯ್ತಾ?”

“ಆಯ್ತು.”

“ಎಲ್ಲಾ ಸರಿಯಾಗಿ?”

“ಆಯ್ತು ಅಂದ್ನಲ್ಲೇ! ಮಲಕ್ಕೋ.”

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುವುದು ಅತ್ತಿಗೆಗೆ ಗೊತ್ತಿಲ್ಲವೇ? ದೀಪ ಆರಿಸಿ ಮಲಗಿದಳು, ಕಣ್ಣು ಮಾತ್ರ ಬಿಟ್ಟುಕೊಂಡೇ.

ನಡುಮನೆಯಲ್ಲಿ ಅಣ್ಣ, ಅತ್ತಿಗೆ. ಒಳಕೋಣೆಯಲ್ಲಿ ತಂಗಿ, ಕೂಸು. ಗೋಡೆಯ ಪಕ್ಕ ಕಟ್ಟಿಟ್ಟ ಗಂಟುಮೂಟೆ. ಹಿಂದೆ ಬಚ್ಚಲು, ಅಲ್ಲಿ ಒಂದು ನೀರಿನ ಡ್ರಮ್ಮು. ಎರಡು ಗಂಟೆ ಹೊಡೆದ ಮೇಲೆ ಇರಬೇಕು. ಬಚ್ಚಲಿನಿಂದ...

ಚಿಳುಕ್.

ಅಣ್ಣ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡ.

ಚಿಳುಕ್.

“ನಲ್ಲಿ ಸರಿಯಾಗಿ ತಿರುಗಿಸಿಲ್ಲ ನೀವು,” ಅತ್ತಿಗೆ ಕತ್ತಲಲ್ಲೇ ಗೊಣಗಿದಳು. ಎದ್ದು ಹೋದಳು. ನಲ್ಲಿ ಮುಟ್ಟಿ ನೋಡಿದಳು. ಬಿಗಿಯಾಗಿತ್ತು. ಡ್ರಮ್ಮಿಗೆ ಮರದ ಮುಚ್ಚಳ ಮುಚ್ಚಿತ್ತು. ಅವಳು ಅಲ್ಲೇ ನಿಂತಿರುವಾಗ, ಮುಚ್ಚಳದ ಕೆಳಗೆ... ಚಿಳುಕ್.

ತಿರುಗಿ ಬಂದು ಕೂತಳು. ಒಂದೊಂದಾಗಿ ಬಿತ್ತು. ನಿಂತಿತು. ಬಹಳ ಹೊತ್ತು ಬಿಟ್ಟು ಮತ್ತೆ ಮೊದಲಿನಿಂದ ಶುರುವಾಯಿತು. ಮತ್ತೆ ನಿಂತಿತು. ಮೂರನೇ ಸಲ ನಿಂತಾಗ ಅತ್ತಿಗೆ ಅಣ್ಣನ ಕಿವಿಯ ಹತ್ತಿರ ಬಂದು ಕೇಳಿದಳು:

“ಏಳಕ್ಕೇ ಯಾಕ್ರೀ ನಿಲ್ಲುತ್ತೆ?”

ಅಣ್ಣ ಆಗ ಬಾಯಿಬಿಟ್ಟ. ಗೋಡೆಗೆ ಬಡಿದ ಕ್ಲಿಪ್ಪಿನಿಂದ ಹಿಡಿದು ಕಲ್ಲಿನವರೆಗೆ, ಎಲ್ಲ. ಪಿಸುಗುಟ್ಟುತ್ತಲೇ ಹೇಳಿದ. ಹೇಳಿ ಮುಗಿಸಿ ತಲೆಯೆತ್ತಿದರೆ ಒಳಕೋಣೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು. ಹೆಗಲ ಮೇಲೆ ಕೂಸು. ಕೂಸು ಎಚ್ಚರವಾಗಿತ್ತು. ಅಳುತ್ತಿರಲಿಲ್ಲ. ಬಚ್ಚಲಿನ ಕಡೆಗೇ ನೋಡುತ್ತಿತ್ತು, ಯಾರೋ ಅಲ್ಲಿ ನಿಂತು ಮಾತಾಡಿಸುತ್ತಿದ್ದಾರೆ ಅನ್ನುವ ಹಾಗೆ.

“ಅಣ್ಣಾ,” ಅಂದಳು. “ಆ ಗಾಲಿ ಬಿಚ್ಚಿ ನೋಡು.”

“ಒಂದು ಕ್ಲಿಪ್ಪು ತಾನೇ ಪುಟ್ಟಾ. ಊರೆಲ್ಲ ಹಳೇದೇ ಹಾಕ್ಕೊಂಡು ಓಡಿಸ್ತಾ ಇದೆ. ಬಿಚ್ಚಿದ್ರೆ ಹೊಸದು ಎಲ್ಲಿಂದ ತರ್ಲಿ? ಅಂಗಡಿ ತೆಗೆಯೋದು ಒಂಬತ್ತೂವರೆಗೆ. ಭಾವನಿಗೆ ಎಂಟಕ್ಕೆ ಅಂತ ಮಾತು ಕೊಟ್ಟಿದ್ದೀನಿ.”

“ನೀನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ ಬ್ರೇಕಿನ ಮೇಲೆ ನನ್ನ ಕೂಸನ್ನ ಹತ್ತಿಸಲ್ಲ. ನಿನ್ನ ಗಡಿಯಾರ ಒಂದು ದಿನ ನಿಲ್ಲಲಿ ಬಿಡು.”

ಅತ್ತಿಗೆ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಟಾರ್ಚು ಹುಡುಕುತ್ತಿದ್ದಳು. “ಏಳಿ. ನಾನೂ ಬರ್ತೀನಿ. ನಾಯಿ ಬಂದ್ರೆ ನೋಡ್ಕೋತೀನಿ.”

ಮೂರೂವರೆ ಗಂಟೆ. ಗಂಡ ಹೆಂಡತಿ ಇಬ್ಬರೇ ಅದೇ ಕಾಲುದಾರಿ ಹಿಡಿದು ಹೊರಟರು. ಅತ್ತಿಗೆ ದೇವರ ಹೆಸರು ಹೇಳಿಕೊಳ್ಳುತ್ತಿದ್ದಳು, ತುಟಿ ಅಲ್ಲಾಡಿಸದೆ. ಬಾವಿ ಹತ್ತಿರವಾದಾಗ ಅಣ್ಣ, “ಆ ಕಡೆ ಬೆಳಕು ಬಿಡಬೇಡ” ಅಂದ. ಬಿಡಬೇಡ ಎಂದರೆ ಯಾರು ತಾನೇ ಬಿಡದೆ ಇರುತ್ತಾರೆ? ಟಾರ್ಚಿನ ಬೆಳಕು ಕಟ್ಟೆಯ ಮೇಲೆ ಹರಿಯಿತು.

ಕಟ್ಟೆಯ ನಟ್ಟನಡುವೆ ಒಂದು ಕಲ್ಲು. ನೆಲ್ಲಿಕಾಯಿ ಗಾತ್ರದ್ದು. ಅದರ ಸುತ್ತ ಅಂಗೈಯಷ್ಟು ಜಾಗ ಒದ್ದೆ. ಉಳಿದ ಕಟ್ಟೆಯೆಲ್ಲ ಒಣ ಒಣ.

ಇಬ್ಬರ ನಡಿಗೆಯೂ ಬಿರುಸಾಯಿತು.

ಶೆಡ್ಡಿನಲ್ಲಿ ಬಲ್ಬು ಹಾಕಿ, ಎಡಗಡೆಗೆ ಜಾಕು ಕೊಟ್ಟ. ನಟ್ಟು ಬಿಚ್ಚುವಾಗ ಕಿರ್ರ್... ಕಿರ್ರ್... ಗಾಲಿ ಕೆಳಗಿಳಿಸಿದ. ಪ್ಯಾಡಿಗೆ ಕೈ ಹಾಕಿ ಎಳೆದ. ಬರಲಿಲ್ಲ. ಆ ಗಾಲಿಯ ಇನ್ನೊಂದು ಪ್ಯಾಡು ಬೆರಳಿನಲ್ಲೇ ಜಾರುತ್ತಿದೆ, ಇದೊಂದು ಬಂಡೆಯ ಹಾಗೆ ಕೂತಿದೆ. ಸ್ಕ್ರೂಡ್ರೈವರ್ ಕೊಟ್ಟು ಮೀಟಿದ. ಫಟ್ ಅಂತ ಹೊರಗೆ ಬಂತು, ಜೊತೆಯಲ್ಲೇ ಆ ಹಳೇ ಕ್ಲಿಪ್ಪು.

ಅತ್ತಿಗೆ ಟಾರ್ಚು ಹತ್ತಿರ ಹಿಡಿದಳು. ಕ್ಲಿಪ್ಪಿನ ಒಂದು ಕಿವಿ ಅರ್ಧ ಸೀಳಿ, ಒಂದೆಳೆ ತಗಡಿನಲ್ಲಿ ನೇತಾಡುತ್ತಿತ್ತು. ಇನ್ನರ್ಧ ಮಡಚಿಕೊಂಡು ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿದಿತ್ತು. ಅಣ್ಣ ಡ್ರೈವರ್, ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬ್ರೇಕಿನಿಂದ ಕಾಲು ತೆಗೆದರೂ ಆ ಪ್ಯಾಡು ಡಿಸ್ಕನ್ನು ಬಿಡುವುದಿಲ್ಲ. ಒಂದು ತಿರುವು, ಎರಡು ತಿರುವು... ಡಿಸ್ಕು ಕಾಯುತ್ತಾ ಹೋಗುತ್ತದೆ. ಐದಾರು ತಿರುವು ಇಳಿಯುವಷ್ಟರಲ್ಲಿ ಹೊಗೆ. ಆಮೇಲೆ ಕಾಲಿಟ್ಟರೆ ಪೆಡಲ್ಲು ಹತ್ತಿಯ ಮೂಟೆ ತುಳಿದ ಹಾಗೆ ಮೆತ್ತಗೆ ಕೆಳಗೆ ಹೋಗುತ್ತದೆ. ಪಕ್ಕದಲ್ಲಿ ತಂಗಿ, ತೊಡೆಯ ಮೇಲೆ ಕೂಸು.

ಅಣ್ಣ ಆ ನೆಲದ ಮೇಲೇ ಕೂತುಬಿಟ್ಟ.

“ಗೊತ್ತಿತ್ತು ಕಣೇ,” ಅಂದ. “ಸುತ್ತಿಗೆ ಎತ್ತಿದಾಗಲೇ ಗೊತ್ತಿತ್ತು.”

ಅತ್ತಿಗೆ ಬೈಯುತ್ತಾಳೆ ಅಂದುಕೊಂಡಿದ್ದ. ಅವಳು ಬೈಯಲಿಲ್ಲ. ಮುರುಕು ಕ್ಲಿಪ್ಪನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. “ಮೊದಲು ಇದನ್ನ ಹಾಕಿ ಬರೋಣ, ಬನ್ನಿ.”

ಗಾಲಿಯನ್ನು ನೆಲದ ಮೇಲೇ ಬಿಟ್ಟು ಇಬ್ಬರೂ ಬಾವಿಗೆ ಬಂದರು. ಕಟ್ಟೆಯ ಮೇಲಿನ ಕಲ್ಲು ಹಾಗೇ ಇತ್ತು. ಅಣ್ಣ ಅದನ್ನು ಮುಟ್ಟಲಿಲ್ಲ. ಕೈ ಮುಂದೆ ಚಾಚಿದ. ಈ ಸಲ ಪಿಸುಗುಟ್ಟಲಿಲ್ಲ. ಗಟ್ಟಿಯಾಗಿ, ಹಿಂದೆ ಮೇಸ್ತ್ರಿಯ ಮುಂದೆ ಹೇಳುತ್ತಿದ್ದ ಹಾಗೆ:

“ಎಂಟು!”

ಚಿಳುಕ್.

ಇಬ್ಬರೂ ಕಾದರು. ನೀರಿನ ಮೇಲೆ ಸದ್ದು ಸುತ್ತಿ ಸುತ್ತಿ ಅಡಗಿತು. ಆಮೇಲೆ ಕೆಳಗಿನಿಂದ, ಬಹಳ ಕೆಳಗಿನಿಂದ...

“ಹೂಂ.”

ಅತ್ತಿಗೆಗೂ ಕೇಳಿಸಿತು. “ಮುದುಕರು ಊಟ ಮುಗಿಸಿ ಹೂಂ ಅಂತಾರಲ್ಲ, ಹಾಗಿತ್ತು” ಅಂತ ಅವಳು ನನಗೆ ಹೇಳಿದ್ದು. ‘ಗಾಲಿ ಹಾಕು’ ಅನ್ನುವ ಮಾತು ಬರಲಿಲ್ಲ. ಬರುವುದು ಹೇಗೆ? ಹೊಸದು ಇನ್ನೂ ಕೂತಿರಲಿಲ್ಲವಲ್ಲ.

ಬೆಳಗಾಯಿತು. ಅಣ್ಣ ಅಂಗಡಿಯ ಶಟರಿನ ಮುಂದೆ ಎಂಟೂವರೆಯಿಂದಲೇ ಕೂತಿದ್ದ. ಬಿಡಿ ಕ್ಲಿಪ್ಪು ಸಿಗುವುದಿಲ್ಲ ಎಂದರು. ಒಂದಕ್ಕೋಸ್ಕರ ಇನ್ನೊಂದು ಪೊಟ್ಟಣವನ್ನೇ ತಂದ. ಟಕ್ ಅಂತ ಕೂರಿಸಿದ. ಪ್ಯಾಡು ಒಂದೇ ಬೆರಳಿಗೆ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ಶೆಡ್ಡಿನ ಒಳಗೆ ನಿಂತು, “ಮೇಸ್ತ್ರಿ, ಗಾಲಿ ಹಾಕ್ಲಾ?” ಅಂತ ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಬಿಸಿಲು ಬಾಗಿಲವರೆಗೆ ಬಂದಿತ್ತು. ಹಾಕಿದ.

ಹನ್ನೊಂದಕ್ಕೆ ಹೊರಟರು. ಹನ್ನೊಂದು ತಿರುವನ್ನೂ ಇಳಿದರು. ಕೆಳಗೆ ಗಾಡಿ ನಿಲ್ಲಿಸಿ ಅಣ್ಣ ಮೊದಲು ಮಾಡಿದ ಕೆಲಸ, ಎಡಗಾಲಿಯ ಹತ್ತಿರ ಅಂಗೈ ಹಿಡಿದು ನೋಡಿದ್ದು. ಬಲಗಾಲಿಯಷ್ಟೇ ಬಿಸಿ. ಸೀದ ವಾಸನೆ ಇಲ್ಲ. ಡ್ಯೂಟಿಗೆ ರಜ ಹಾಕಿ ಕಾದಿದ್ದ ಭಾವ ಸೊಂಟದ ಮೇಲೆ ಕೈಯಿಟ್ಟು, “ಏನು ಗಡಿಯಾರದೋರೇ, ಕೀಲಿ ಕೊಡೋದು ಮರೆತಿರಾ?” ಅಂದ.

“ಹೂಂ ಭಾವ,” ಅಂದ ಅಣ್ಣ. ಕೂಸನ್ನು ಅವನ ಕೈಗೆ ಕೊಟ್ಟ.

ಇಲ್ಲಿಗೆ ಮುಗಿದಿದ್ದರೆ ಇದನ್ನು ನಾನೂ ನಿಮ್ಮ ಹಾಗೆ ಅನುಮಾನದಿಂದಲೇ ಕೇಳುತ್ತಿದ್ದೆನೇನೋ. ಹೆದರಿದವನ ಕಿವಿಗೆ ಏನೇನೋ ಕೇಳಿಸುತ್ತದೆ, ಹೆಂಡತಿ ಗಂಡನ ಮಾತಿಗೆ ತಾಳ ಹಾಕಿದಳು, ಕಟ್ಟೆಯ ಮೇಲೆ ಯಾವನೋ ಕಲ್ಲಿಟ್ಟಿದ್ದ, ಅಂತ. ಆದರೆ ನಾಲ್ಕು ವರ್ಷದ ಮೇಲೆ ಆ ಬಾವಿಯ ಹೂಳೆತ್ತಿದರು. ಉಪ್ಪು ನೀರಾದರೂ ಬಟ್ಟೆ ಪಾತ್ರೆಗಾದೀತು ಅಂತ ಸುತ್ತಲಿನ ಮನೆಯವರೆಲ್ಲ ಸೇರಿ ಮಾಡಿಸಿದ್ದು. ಉಸ್ತುವಾರಿಗೆ ನಿಂತವನು ನಾನು.

ಮೂರು ದಿನ ಪಂಪು ಹಾಕಿ ನೀರು ಖಾಲಿ ಮಾಡಿದರು. ಇಬ್ಬರು ಆಳು ಕೆಳಗಿಳಿದರು. ನಾನು ಅವರಿಗೆ ಮೊದಲೇ ಎಚ್ಚರಿಕೆ ಹೇಳಿದ್ದೆ: “ಬರಿಗಾಲಲ್ಲಿ ಇಳೀಬೇಡ್ರಪ್ಪಾ. ಒಳಗೆ ನಲವತ್ತು ವರ್ಷದ ತಗಡು ಬಿದ್ದಿದೆ, ಕಾಲು ಹರಿದುಕೊಳ್ತೀರಿ.” ಸಾವಿರಾರು ಕ್ಲಿಪ್ಪು ಇರಬೇಕಿತ್ತಲ್ಲ. ಅಣ್ಣನ ಗಾಡಿಯದೇ ನಾಲ್ಕೈದು ಸಲದ್ದು.

ನೂರ ಮೂವತ್ತಾರು ಬುಟ್ಟಿ ಹೂಳು ಮೇಲೆ ಬಂತು. ಪ್ರತಿ ಬುಟ್ಟಿಯನ್ನೂ ನನ್ನ ಎದುರಿಗೇ ಸುರಿದು ಹರಡಿದರು. ಮೆತ್ತನೆಯ ಕಪ್ಪು ಕೆಸರು, ಜರಡಿ ಹಿಡಿದ ಹಿಟ್ಟಿನ ಹಾಗೆ. ಒಂದು ಕ್ಲಿಪ್ಪಿಲ್ಲ. ಒಂದು ಮೊಳೆಯಿಲ್ಲ. ತುಕ್ಕಿನ ಬಣ್ಣ ಕೂಡ ಇರಲಿಲ್ಲ.

ಕೊನೆಯ ಬುಟ್ಟಿಯ ಜೊತೆ ಮೇಲೆ ಬಂದ ಆಳು, ಸೊಂಟದ ಬಟ್ಟೆಯಿಂದ ಏನೋ ತೆಗೆದು ನನ್ನ ಕೈಗೆ ಕೊಟ್ಟ. “ತಳದಲ್ಲಿ ಒಂದು ಚಪ್ಪಡಿ ಇತ್ತು ಸ್ವಾಮಿ. ಅದರ ಮೇಲಿತ್ತು. ಬಿದ್ದ ಹಾಗಿರಲಿಲ್ಲ. ಯಾರೋ ಇಟ್ಟ ಹಾಗಿತ್ತು.”

ಕ್ಲಿಪ್ಪು. ಹೊಚ್ಚ ಹೊಸದು. ಒಂದು ಮೂಲೆ ಮಾತ್ರ ಗೋಡೆಗೆ ಬಡಿದಂತೆ ಸ್ವಲ್ಪ ನೆಗ್ಗಿತ್ತು. ಸುತ್ತ ಅಷ್ಟು ಕೆಸರಿದ್ದರೂ ಅದಕ್ಕೆ ಒಂದು ಚುಕ್ಕೆ ಕೆಸರು ಅಂಟಿರಲಿಲ್ಲ.

ಅಣ್ಣ ಅದನ್ನು ನೋಡಿದ. ಬಹಳ ಹೊತ್ತು ನೋಡಿದ. ಮುಟ್ಟಲಿಲ್ಲ. “ನೀನೇ ಇಟ್ಕೋ” ಅಂದು ಹೋದ.

ನಮ್ಮ ದೇವರ ಗೂಡಿನ ಮೂಲೆಯಲ್ಲಿದೆ, ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಸುಳ್ಳನ್ನು ದೇವರ ಪಕ್ಕ ಇಟ್ಟುಕೊಳ್ಳುವಷ್ಟು ಧೈರ್ಯ ನನಗಿಲ್ಲ. ಬೇಕಾದರೆ ಬೆಳಗ್ಗೆ ಬನ್ನಿ, ತೋರಿಸುತ್ತೇನೆ. ಆ ಕೂಸಿಗೆ ಈಗ ಹತ್ತು ವರ್ಷ. ಕ್ಲಿಪ್ಪು ನನ್ನ ಕೈಗೆ ಬಂದ ಈ ಆರು ವರ್ಷದಲ್ಲಿ ನಾನು ನಾಲ್ಕು ಸಲ ಕಾಗದ ಬದಲಾಯಿಸಿದ್ದೇನೆ.

ಮುಟ್ಟಿ ನೋಡಿ. ಅದರ ಮೇಲಿನ ಗ್ರೀಸು ಇನ್ನೂ ಹಸಿಯಾಗಿದೆ.